ಕಟ್ಟಿಸಿಕೊಂಡವರಿಗಷ್ಟೇ ಹೊರಡುವ ಕಾರು

ಮನುಷ್ಯನ ತಾಳ್ಮೆ ಪರೀಕ್ಷೆ ಮಾಡಬೇಕೆಂದರೆ ದೇವರು ಹಿಂದಿನ ಕಾಲದಲ್ಲಿ ಅವನನ್ನು ಕಾಡಿಗೆ ಕಳಿಸುತ್ತಿದ್ದನಂತೆ. ನನಗೆ ಮಾತ್ರ ಹಾನಗಲ್ಲಿನಲ್ಲಿ ಬ್ಯಾಟರಿ, ವಾಯರಿಂಗ್ ಅಂಗಡಿ ಇಟ್ಟುಕೊಂಡು ಕುಂಡ್ರು ಅಂದ. ಮೂವತ್ತು ವರ್ಷ ಕುಂತೆ. ಬೆಳಿಗ್ಗೆ ತಾರಕೇಶ್ವರನಿಗೆ ಕೈಮುಗಿದು, ಬ್ಯಾಟರಿಗೂ ಒಂದು ಊದಿನಕಡ್ಡಿ ಬೆಳಗಿ ಬಾಗಿಲು ತೆರೆದರೆ ಸಾಕು, ಇಂಥದೊಂದು ಫಜೀತಿ ನಡೆದುಕೊಂಡು ಬಂದು ಎದುರು ನಿಲ್ಲುತ್ತಿತ್ತು.

ಸೋಮವಾರ ಯಾರ ಮೇಲೂ ಸಿಟ್ಟಾಗಬಾರದು ಎಂಬುದು ನನ್ನ ನೇಮ. ತಾಯಿಯ ಮುಂದೆ ಹಿಡಿದ ನೇಮ, ಬಿಡುವ ಹಾಗಿಲ್ಲ. ಆದರೆ ಅಕ್ಕಿಆಲೂರಿನ ಗಿರಣಿ ಸಾವಕಾರರ ಅಕ್ಕಿ ಗಿರಣಿಗೆ ಸೂಟಿ ಇರುತ್ತಿದ್ದದ್ದೂ ಸೋಮವಾರವೇ. ಹೀಗಾಗಿ ಅವರು ತಮ್ಮ ಕಾರು ತೋರಿಸಲಿಕ್ಕೆ ಬರುತ್ತಿದ್ದದ್ದೂ ಸೋಮವಾರವೇ. ಇದರಲ್ಲಿ ಶಿವನ ಕೈವಾಡ ಇಲ್ಲವೆಂದು ನನಗೆ ಯಾರಾದರೂ ಹೇಳಲಿ ನೋಡೋಣ.

೧. ನಿಂತವರಿಗೆ ಹೂಂ, ಕುಂತವರಿಗೆ ಒಲ್ಲೆ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಾವಕಾರರು ಮುಂಬೈಯ ಹರಾಜಿನಲ್ಲಿ ಅಮೆರಿಕದ ಕಾರೊಂದನ್ನು ಹಿಡಿದರು. ಈಗ ಅಂಥವನ್ನು ಕ್ಲಾಸಿಕ್ ಕಾರು ಎಂದು ಪ್ರದರ್ಶನಕ್ಕೆ ಇಡುತ್ತಾರಂತೆ. ಆಗ ನಮ್ಮ ಕಡೆ ಅದನ್ನು ನೋಡಿದವರು 'ಅಡ್ಡ ಬಿದ್ದ ಬಸ್ಸು' ಅನ್ನುತ್ತಿದ್ದರು. ಅಷ್ಟು ಉದ್ದ. ಸ್ಟೇರಿಂಗ್ ಬೇರೆ ಎಡಕ್ಕೆ. ಮುಂಬೈಯಿಂದ ಓಡಿಸಿಕೊಂಡು ಬಂದವನು ಕೀಲಿ ಕೈಗೆ ಕೊಟ್ಟು, ಉಪ್ಪಿಟ್ಟು ತಿಂದು, ಬಂದ ದಾರಿಗೆ ಹೋಗಿಬಿಟ್ಟ. ಮರುದಿನದಿಂದ ಕಾರು ಸ್ಟಾರ್ಟ್ ಆಗಲಿಲ್ಲ.

ಎರಡು ಜೋಡಿ ಎತ್ತು ಕಟ್ಟಿ ಅಕ್ಕಿಆಲೂರಿನಿಂದ ನನ್ನ ಅಂಗಡಿಯವರೆಗೆ ಎಳೆದುಕೊಂಡು ಬಂದರು. ಹಿಂದೆ ಅರ್ಧ ಊರು. ನಾನು ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿ ಚಲೋ ಇತ್ತು. ಸೆಲ್ಫ್ ಸ್ಟಾರ್ಟರೂ ಚಲೋ ಇತ್ತು. ಕಿಟಕಿಯೊಳಗೆ ಕೈ ಹಾಕಿ, ಹೊರಗೆ ನಿಂತೇ ಕೀಲಿ ತಿರುವಿದೆ. ಗುರ್ ಅಂತ ಸ್ಟಾರ್ಟ್ ಆಯಿತು.

"ಶಾಬಾಸ್!" ಎಂದು ಸಾವಕಾರರು ಇಂಜಿನ್ ಬಂದ್ ಮಾಡಿಸಿ, ತಾವೇ ಒಳಗೆ ಕುಂತು ಕೀಲಿ ತಿರುವಿದರು. ಇಂಜಿನ್ ಉಸಿರೆತ್ತಲಿಲ್ಲ. ಬದಲಿಗೆ ಡ್ಯಾಶ್‌ಬೋರ್ಡಿನ ಒಳಗಿಂದ ಕುಂಯ್ಯ್ಯ್ ಎಂದು ಬಾಲ ತುಳಿಸಿಕೊಂಡ ನಾಯಿಯ ಹಾಗೆ ಒಂದು ಒದರಾಟ. ಕೆಂಪು ದೀಪ ಬೇರೆ.

ಅವರು ಇಳಿದರು. ನಾನು ಹೊರಗೆ ನಿಂತು ತಿರುವಿದೆ. ಗುರ್. ಅವರು ಕುಂತರು. ಕುಂಯ್. ಹೀಗೆ ನಾಲ್ಕು ಸಲ.

ಸಾವಕಾರರ ಮುಖ ಸಣ್ಣದಾಯಿತು. "ಅಲ್ಲಪಾ, ನೀ ನಿಂತ್ರ ಹೂಂ ಅಂತೈತಿ, ನಾ ಕುಂತ್ರ ಒಲ್ಲೆ ಅಂತೈತಿ. ರೊಕ್ಕಾ ಕೊಟ್ಟಾಂವ ನಾನೋ ನೀನೋ?"

"ಯಂತ್ರಕ್ಕ ಅದೇನು ತಿಳೀತದ್ರಿ ಸಾವಕಾರ್ರ..." ಅಂದೆ.

ನೆರೆದವರಲ್ಲಿ ಒಬ್ಬ ಅಜ್ಜ ಮುಂದೆ ಬಂದು ನಿರ್ಣಯ ಕೊಟ್ಟೇಬಿಟ್ಟ: "ತಿಳೀದ ಏನ್ರಿ? ಎತ್ತೂ ಹಂಗ. ತೂಕ ನೋಡೇ ಕೊರಳು ಕೊಡತೈತಿ. ಸಾವಕಾರ್ರ, ನೀವು ಒಂದ್ ನಾಕ್ ದಿನ ಒಪ್ಪತ್ತು ಊಟಾ ಮಾಡ್ರಿ."

ಎಲ್ಲರೂ ನಕ್ಕೆವು. ಅಜ್ಜ ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತೆಂದು ನನಗೆ ತಿಳಿಯಲಿಕ್ಕೆ ಆರು ತಿಂಗಳು ಹಿಡಿಯಿತು.

೨. ಮೊದಲು ಆಸನ, ಆಮೇಲೆ ಪಟ್ಟಿ

ಕಾರಿನ ಜೊತೆ ಇಂಗ್ಲಿಷಿನ ಪುಸ್ತಕ ಒಂದು ಬಂದಿತ್ತು. ಅದನ್ನು ಹಿಡಿದುಕೊಂಡು ಶಿಗ್ಗಾಂವಿಗೆ ಹೋಗಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರ ಮುಂದೆ ಇಟ್ಟೆವು. ಅವರು ಕನ್ನಡಕ ಏರಿಸಿ ಓದಿ, ನಕ್ಕರು.

"ಮುಂದಿನ ಸೀಟಿನ್ಯಾಗ ಕುಂತವ್ರು ಎದೀಮ್ಯಾಲ ಪಟ್ಟಿ ಕಟ್ಟಿಕೋಬೇಕಂತರೀ. ಕಟ್ಟಿಕೊಳ್ಳೂತನಕ ಗಾಡಿ ಚಾಲೂ ಆಗೂದಿಲ್ಲ. ಮೊದ್ಲ ಕುಂಡ್ರಬೇಕು, ಆಮ್ಯಾಲ ಪಟ್ಟಿ, ಆಮ್ಯಾಲ ಕೀಲಿ. ಈ ಕ್ರಮ ತಪ್ಪಿದ್ರ ಒದರತೈತಿ."

ನನಗೆ ಖರೇ ಹೇಳಬೇಕೆಂದರೆ ಆ ಕಾರಿನ ಮೇಲೆ ಭಕ್ತಿ ಹುಟ್ಟಿತು. ಪೂಜೆಯಲ್ಲೂ ಹಾಗೇ ಅಲ್ಲವೆ? ಮೊದಲು ಆಸನ, ಆಮೇಲೆ ವಿಭೂತಿ, ಆಮೇಲೆ ಮಂತ್ರ. ಅಮೆರಿಕದಲ್ಲೂ ಯಾರೋ ನೇಮಸ್ಥರು ಇದ್ದಾರೆ ಅಂದುಕೊಂಡೆ. ಸಾವಕಾರರ ಡ್ರೈವರ್ ಹಳೇ ಲಾರಿಯವ. ಅವನಿಗೆ ಅಷ್ಟು ಭಕ್ತಿ ಇರಲಿಲ್ಲ. ಎರಡೂ ಸೀಟಿನ ಪಟ್ಟಿಗಳನ್ನು ಬೆನ್ನ ಹಿಂದೆ ಕಾಯಂ ಸಿಕ್ಕಿಸಿಬಿಟ್ಟು ನೋಡಿದ. ಕಾರು ಒಪ್ಪಲಿಲ್ಲ. ಕ್ರಮ ತಪ್ಪಿತ್ತಲ್ಲ! ಕೊನೆಗೆ ಅವನೂ ಸೋತು, ಕುಂತು, ಕಟ್ಟಿಕೊಂಡು, ಓಡಿಸತೊಡಗಿದ.

ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಸಾವಕಾರರು ಕಾರು ತಂದದ್ದು ತಮಗಾಗಿ ಅಲ್ಲ, ತಾಯಿಗಾಗಿ. ಅವ್ವಾರಿಗೆ ಎಂಬತ್ತರ ಹತ್ತಿರ. ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಬಸ್ಸು ಹತ್ತಿದರೆ ವಾಂತಿ, ಚಕ್ಕಡಿಯ ಕುಲುಕಿಗೆ ಸೊಂಟ ತಡೆಯದು. ಹೀಗಾಗಿ ಆರು ವರ್ಷದಿಂದ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕಾರಿನಲ್ಲೂ ಹಿಂದೆ ಕುಂತರೆ ತಲೆ ತಿರುಗುತ್ತಿತ್ತು. ಮುಂದೆಯೇ ಕುಂಡ್ರಬೇಕು. ಮುಂದೆ ಕುಂತರೆ ಪಟ್ಟಿ ಕಟ್ಟಬೇಕು.

ಡ್ರೈವರ್ ಪಟ್ಟಿ ಹಿಡಿದುಕೊಂಡು ಬಗ್ಗಿದ ಕೂಡಲೇ ಅವ್ವಾರು ಅವನ ಕೈಮೇಲೆ ಫಟ್ಟನೆ ಹೊಡೆದರು.

"ಏನ್ ಮಾಡಾಕತ್ತೀಯೋ ಭಾಡ್ಯಾ? ನಾ ಇನ್ನೂ ಉಸಿರಾಡಾಕತ್ತೇನಿ!"

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಮಾಲೆ ಹಾಕಿ, ನೆಟ್ಟಗೆ ಕೂಡ್ರಿಸುತ್ತೇವೆ. ವಾಲಬಾರದೆಂದು ಎದೆಗೆ ಅಡ್ಡ ಬಟ್ಟೆ ಸುತ್ತಿ ಹಿಂದಕ್ಕೆ ಕಟ್ಟುತ್ತೇವೆ. ಪರವೂರಿನ ದವಾಖಾನೆಯಲ್ಲಿ ಜೀವ ಹೋದರೆ ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಹಾಗೆಯೇ ಕೂಡ್ರಿಸಿ, ಧೋತರದಿಂದ ಕಟ್ಟಿ ಊರಿಗೆ ತರುವುದು ಪದ್ಧತಿ. ದಾರಿಯಲ್ಲಿ ಕಂಡವರು ರುಮಾಲು ತೆಗೆದು ಕೈಮುಗಿಯುತ್ತಾರೆ. ಅಮೆರಿಕದವರು ಜೀವ ಉಳಿಯಲೆಂದು ಕಟ್ಟಿದ ಪಟ್ಟಿ ನಮ್ಮ ಅವ್ವಾರ ಕಣ್ಣಿಗೆ ಯಾವುದಾಗಿ ಕಂಡಿತೆಂದು ಬೇರೆ ಹೇಳಬೇಕಿಲ್ಲ.

ಬೇರೆ ಉಪಾಯವನ್ನೂ ಮಾಡಿದೆವು. ಡ್ರೈವರ್ ಹೊರಗೆ ನಿಂತು ಸ್ಟಾರ್ಟ್ ಮಾಡಿದ ಮೇಲೆ ಅವ್ವಾರನ್ನು ಹತ್ತಿಸಿದೆವು. ಕಾರು ಹೊರಟಿತು, ಆದರೆ ಕುಂಯ್ ಅನ್ನುವುದು ನಿಲ್ಲಲಿಲ್ಲ. ಅಗಸಿಬಾಗಿಲಿನ ಹತ್ತಿರ ಅವ್ವಾರು "ನಿಂದರ್ಸು" ಅಂದರು. "ಮೂಕ ಜೀವ, ನನ್ನ ಭಾರಕ್ಕ ಅಳಾಕತ್ತೈತಿ. ಈ ಪಾಪ ನನಗ ಬ್ಯಾಡ" ಎಂದು ಇಳಿದು, ಕಾರಿನ ಬಾನೆಟ್ ಸವರಿ, ನಡೆದುಕೊಂಡು ಮನೆಗೆ ಹೋದರು.

ಸಾವಕಾರರು ನನ್ನ ಕೈ ಹಿಡಿದುಕೊಂಡರು. "ಹೆಂಗರ ಮಾಡಿ ಈ ಒದರೂದು ತಗದ ಬಿಡಪಾ. ಒಂದ ಸಲ ಅವ್ವ ಹಿರೇಕೆರೂರು ಮುಟ್ಟಬೇಕು. ಇಲ್ಲಂದ್ರ ಈ ಗಾಡಿ ನನಗ್ಯಾಕ?"

ಶಿವನ ಮೇಲೆ ಭಾರ ಹಾಕಿ ಆಗಲಿ ಅಂದೆ. ಅಂದು ಸೋಮವಾರ ಅಲ್ಲದಿದ್ದರೆ ಒಲ್ಲೆ ಅನ್ನುತ್ತಿದ್ದೆನೋ ಏನೋ.

೩. ಹಾರ್ನಿನ ಗತಿ

ಡ್ಯಾಶ್‌ಬೋರ್ಡಿನ ಒಳಗೆ ತಲೆ ತುರುಕಿ ಮಲಗಿದೆ. ವಾಯರು ಎಂದರೆ ವಾಯರು! ಶ್ಯಾವಿಗೆ ಒಣಹಾಕಿದ ಹಾಗೆ. ಮೂರು ಸೋಮವಾರ ಹುಡುಕಿ, ಒದರುವ ವಾಯರು ಇದೇ ಎಂದು ಒಂದನ್ನು ಹಿಡಿದು, ಪಂಚಾಕ್ಷರಿ ಹೇಳಿ, ಪಕ್ಕಡದಿಂದ ಕತ್ತರಿಸಿದೆ.

ಡ್ರೈವರ್ ಕುಂತು ಕೀಲಿ ತಿರುವಿದ. ಕುಂಯ್. ಮೊದಲಿಗಿಂತ ತುಸು ಜೋರಾಗಿಯೇ ಅನ್ನಿಸಿತು.

"ಆತು, ಮತ್ಯಾವಾಗರ ನೋಡೋಣು" ಎಂದು ಕಳಿಸಿದೆ. ಅವ ಬಸ್ ಸ್ಟ್ಯಾಂಡು ದಾಟುವಾಗ ಅಡ್ಡ ಬಂದ ಎಮ್ಮೆಗೆ ಹಾರ್ನ್ ಒತ್ತಿದ. ಹಾರ್ನ್ ಇಲ್ಲ. ನಾನು ಕತ್ತರಿಸಿದ್ದು ಅದನ್ನು.

ಮತ್ತೆ ಜೋಡಿಸಬೇಕೆಂದರೆ ಕತ್ತರಿಸಿದ ತುದಿ ಒಳಗೆಲ್ಲೋ ಹೋಗಿ ಕುಂತಿತ್ತು. ಎರಡು ವಾರ ಆ ಕಾರು ಹೊರಗಿನವರಿಗೆ ಕೇಳಬೇಕಾದ್ದನ್ನು ಕೇಳಿಸದೆ, ಒಳಗಿನವರಿಗೆ ಬೇಡವಾದದ್ದನ್ನು ಬಿಡದೆ ತಿರುಗಿತು. ಡ್ರೈವರ್ ಕಿಟಕಿಯಿಂದ ಕುತ್ತಿಗೆ ಹೊರಹಾಕಿ "ಹೋಯ್, ಹೋಯ್, ಸರೀರ್ಯೋ!" ಎಂದು ಒದರುತ್ತ ಓಡಿಸುತ್ತಿದ್ದ. ಗಂಟಲು ಬಿದ್ದುಹೋಯಿತು. ನನ್ನ ಅಂಗಡಿಗೆ ಬಂದು, ಪಿಸುಗುಟ್ಟುವ ದನಿಯಲ್ಲಿ ಕೇಳಿದ:

"ಅಣ್ಣಾರ, ಇನ್ನ ಮ್ಯಾಲ ಏನರ ಕತ್ತರಸೂದಿದ್ರ, ದೇವ್ರ ಹೆಸರು ತಗೋಬ್ಯಾಡ್ರಿ. ಅವನ ಹೆಸರು ಯಾಕ ಕೆಡಸ್ತೀರಿ?"

೪. ಸವಣೂರಿನ ಎಲೆ

ಹಿರೇಕೆರೂರಿನಿಂದ ಸುದ್ದಿ ಬಂತು. ಅವ್ವಾರ ಮೊಮ್ಮಗಳು ತವರಿಗೆ ಬಂದು ಹೆತ್ತಿದ್ದಾಳೆ, ಹೆಣ್ಣು ಕೂಸು, ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿದೆ. ಮುತ್ತಜ್ಜಿಯ ಹೆಸರೇ ಇಡುತ್ತಾರೆ, ಹೆಸರನ್ನು ಮುತ್ತಜ್ಜಿಯೇ ಬಂದು ಕೂಸಿನ ಕಿವಿಯಲ್ಲಿ ಹೇಳಬೇಕು. ಇನ್ನು ಇಪ್ಪತ್ತು ದಿನ.

ಅವ್ವಾರು ಮಗನಿಗೆ ಒಂದೇ ಮಾತು ಹೇಳಿದರಂತೆ. "ಹೋಗಬೇಕು ಅಂತ ಜೀವ ಬಡಕೋತೈತಿ. ಆದ್ರ ಹೆಣದಂಗ ಕಟ್ಟಿಸಿಕೊಂಡು ಕೂಸಿನ ಮುಂದ ಇಳಿಯಾಕಿ ನಾನಲ್ಲ. ನೀನೂ ಕಟ್ಟಿಸಿಕೋಬ್ಯಾಡ."

ಅದೇ ವಾರ ತೊಟ್ಟಿಲ ಕಾರ್ಯಕ್ಕೆ ಬೇಕೆಂದು ಮುಂಚಿತವಾಗಿ ವೀಳ್ಯದೆಲೆಗೆ ಹೇಳಿ ಬರಲು ಸವಣೂರಿಗೆ ಹೋದೆವು. ಸಾವಕಾರರು ನನ್ನನ್ನು ಹಿಂದಿನ ಸೀಟಿನಲ್ಲಿ ತಮ್ಮ ಪಕ್ಕ ಕೂಡ್ರಿಸಿಕೊಂಡಿದ್ದರು. ಕಾರು ಎಲ್ಲಾದರೂ ಹಟ ಹಿಡಿದರೆ ಇರಲಿ ಎಂದು. ಎಲೆ ವ್ಯಾಪಾರದ ಸಾಹೇಬರು, ನಾವು ಕೇಳುವ ಮುಂಚೆಯೇ, ನೀರು ಹೊಡೆದ ಎಲೆಯ ಒಂದು ದೊಡ್ಡ ಬುಟ್ಟಿಯನ್ನು ಮುಂದಿನ ಸೀಟಿನಲ್ಲಿ ಇಟ್ಟರು. "ಮಠಕ್ಕ ಮುಟ್ಟಸ್ರಿ, ದಾರ್ಯಾಗ ಐತಲ್ಲ" ಅಂದರು.

ಡ್ರೈವರ್ ಕೀಲಿ ತಿರುವಿದ. ಕುಂಯ್.

"ನಾ ಕಟ್ಟಿಕೊಂಡೇನ್ರಿ!" ಎಂದು ತನ್ನ ಪಟ್ಟಿ ಎಳೆದು ತೋರಿಸಿದ. ಬುಟ್ಟಿ ತೆಗೆದರೆ ಗುರ್. ಇಟ್ಟರೆ ಕುಂಯ್. ಕೊನೆಗೆ ಬೇಸತ್ತು, ಬುಟ್ಟಿಗೂ ಪಟ್ಟಿ ಎಳೆದು ಸಿಕ್ಕಿಸಿದ. ಗುರ್ ಅಂತು.

ಸಾಹೇಬರು ಗಡ್ಡ ಸವರುತ್ತ ನೋಡುತ್ತಿದ್ದರು. "ಯಾ ಅಲ್ಲಾ! ನಲವತ್ತು ವರ್ಷ ಎಲಿ ಮಾರೇನಿ. ಎಲಿ ಒಣಗತಾವಂತ ನೀರು ಹೊಡದೇನಿ, ಕೊಳೀತಾವಂತ ತಿರುವಿ ಹಾಕೇನಿ. ಓಡಿ ಹೋಗತಾವಂತ ಕಟ್ಟಿದ್ದು ಇವತ್ತ ನೋಡಿದೆ ನೋಡ್ರಿ!"

ಅವರು ನಗುತ್ತಿದ್ದರು. ನನಗೆ ಮಾತ್ರ ಗುಟ್ಟು ಹೊಳೆಯಿತು. ಎಲೆಗೆ ಜೀವವಿಲ್ಲ, ಕಾರು ಅದನ್ನು ಮನುಷ್ಯನೆಂದು ತಿಳಿಯಿತೆಂದರೆ ಅದು ನೋಡುವುದು ತೂಕವನ್ನು. ತೂಕ ನೋಡುವ ಕಣ್ಣು ಇರುವುದು ಸೀಟಿನ ಕೆಳಗೆ. ಎತ್ತಿನ ಮಾತು ಹೇಳಿದ ಅಜ್ಜನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಆರು ತಿಂಗಳು ನಾನು ಬಾಯಿ ಹುಡುಕುತ್ತಿದ್ದೆ, ಇದ್ದದ್ದು ಕುಂಡಿಯಲ್ಲಿ.

ಆದರೆ ಸೀಟು ಬಿಚ್ಚಬೇಕೆಂದರೆ ಅದರ ಬೋಲ್ಟಿನ ತಲೆ ಆರು ಎಸಳಿನ ಹೂವಿನ ಹಾಗಿತ್ತು. ಅಂಥ ಪಾನಾ ನನ್ನ ಹತ್ತಿರ ಇರಲಿಲ್ಲ, ಹಾನಗಲ್ಲಿನಲ್ಲೇ ಇರಲಿಲ್ಲ. "ಹುಬ್ಬಳ್ಳಿಗೆ ಹೋದಾಗ ಹೂವಿನ ಪಾನಾ ತರ್ರಿ" ಎಂದು ಚೀಟಿಯಲ್ಲಿ ಚಿತ್ರ ಬರೆದು ಡ್ರೈವರನ ಕಿಸೆಗೆ ಹಾಕಿದೆ.

೫. ತಡಸದಲ್ಲಿ ಭಜನೆ

ಇದನ್ನು ನನಗೆ ಡ್ರೈವರ್ ಹೇಳಿದ್ದು. ಸಾವಕಾರರು ಯಾವತ್ತೂ ಹೇಳಲಿಲ್ಲ.

ತೊಟ್ಟಿಲಿಗೆ ಮೂರು ದಿನ ಇರುವಾಗ ಹುಬ್ಬಳ್ಳಿಯಲ್ಲಿ ದಲಾಲರು ಕೂಡಿ ಸಾವಕಾರರಿಗೆ ಸತ್ಕಾರ ಮಾಡಿದರು. ಮಾಲೆ ಹಾಕಿದರು. ಸ್ವಾಮಿಗಳೊಬ್ಬರು ಹಣೆತುಂಬ ವಿಭೂತಿ ಹಚ್ಚಿದರು. ಹೋಳಿಗೆ, ತುಪ್ಪದ ಊಟ. ಪಾನಾ ಸಿಕ್ಕಿತು. ಬರುವಾಗ ಸಾವಕಾರರು ಮುಂದಿನ ಸೀಟಿನಲ್ಲಿ ಮಾಲೆಸಮೇತ ಕುಂತವರೇ ನಿದ್ದೆ ಹೋದರು. ಕಾರು ಕುಂಯ್ ಅಂತು. ಸಾವಕಾರರನ್ನು ಎಬ್ಬಿಸಲು ಡ್ರೈವರನಿಗೆ ಧೈರ್ಯವಾಗಲಿಲ್ಲ. ಮೆಲ್ಲಗೆ ಪಟ್ಟಿ ಎಳೆದು ಕಟ್ಟಿಬಿಟ್ಟ.

ತಡಸದಲ್ಲಿ ಚಹಾ ಕುಡಿಯಲು ನಿಲ್ಲಿಸಿ, ತಾನೊಬ್ಬನೇ ಇಳಿದು ಹೋದ. ಎರಡು ಗುಟುಕು ಕುಡಿಯುವಷ್ಟರಲ್ಲಿ ತಾಳದ ಸಪ್ಪಳ ಕೇಳಿತು. ಹೊರಗೆ ಬಂದು ನೋಡಿದರೆ ಕಾರಿನ ಸುತ್ತ ಹದಿನೈದು ಮಂದಿ. ರುಮಾಲು ಕೈಯಲ್ಲಿ. ಇಬ್ಬರು ಭಜನೆ ಹಿಡಿದಿದ್ದಾರೆ. ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಯಿಂದ ಒಂದು ಚೆಂಡುಹೂವು ಒಳಗೆ ಹಾಕುತ್ತಿದ್ದಾಳೆ. "ಮುಖದಾಗ ಎಷ್ಟು ಶಾಂತಿ ಐತಿ ನೋಡ್ರಿ. ಉಂಡ ಮ್ಯಾಲ ಹೋಗ್ಯಾನ, ಪುಣ್ಯವಂತ!"

ಹೂವು ಮೂಗಿಗೆ ತಾಗಿ ಸಾವಕಾರರಿಗೆ ಎಚ್ಚರವಾಯಿತು. ಅರೆಗಣ್ಣು ತೆರೆದು, ಭಜನೆ ಕೇಳಿ, ಅತ್ತಿತ್ತ ನೋಡಿ, ಮರುಕದಿಂದ ಕೇಳಿದರು:

"ಪಾಪ, ಯಾರು ಹೋದ್ರ್ಯೋ?"

ಅಲ್ಲಿದ್ದವರಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಮುದುಕನೊಬ್ಬ ಕೈಮುಗಿದೇ ಉತ್ತರ ಕೊಟ್ಟ: "ನೀವರೀ."

ಅಷ್ಟರಲ್ಲಿ ಹಾನಗಲ್ ಕಡೆಯ ಬಸ್ಸು ದಾಟಿಹೋಗಿತ್ತು, ಅದರ ಜೊತೆ ಸುದ್ದಿಯೂ. ಇವರು ಮುಟ್ಟುವ ಹೊತ್ತಿಗೆ ಗಿರಣಿ ನಿಂತಿದೆ, ಮನೆ ಮುಂದೆ ಮಂದಿ, ಹೆಣ್ಣುಮಕ್ಕಳ ಗೋಳು. ನಾನೂ ಅಂಗಡಿ ಮುಚ್ಚಿ ಅಕ್ಕಿಆಲೂರಿಗೆ ಓಡಿಹೋಗಿದ್ದೆ. ಕಾರು ಬಂದು ನಿಂತಿತು. ಮತ್ತೊಮ್ಮೆ ಗೋಳು ಎದ್ದಿತು. ಎದೆಯ ಪಟ್ಟಿ ಬಿಚ್ಚಿ, ಬಾಗಿಲು ತೆಗೆದು ಸಾವಕಾರರು ತಾವೇ ಇಳಿದರು. ಗೋಳು ಅರ್ಧಕ್ಕೇ ನಿಂತಿತು.

ಅವ್ವಾರು ಮಾತ್ರ ಕಟ್ಟೆಯ ಮೇಲೆ ಕಲ್ಲಿನ ಹಾಗೆ ಕುಂತಿದ್ದರು. ಕಣ್ಣಲ್ಲಿ ನೀರಿಲ್ಲ. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹತ್ತಿರ ಕರೆದು, ಕೆನ್ನೆ ಮುಟ್ಟಿದರು. ಆಮೇಲೆ ಅದೇ ಕೆನ್ನೆಗೆ ಒಂದು ಬಿಗಿದರು.

"ಕಟ್ಟಿಸಿಕೋಬ್ಯಾಡಂತ ಹೇಳಿದ್ದೆ ಇಲ್ಲೋ?"

ಹಾಗೇ ನನ್ನ ಕಡೆ ತಿರುಗಿದರು. "ನೀನೂ ಬಾ ಇಲ್ಲೆ." ನಾನು ಹೋಗಲಿಲ್ಲ. ಪಾನಾ ತೆಗೆದುಕೊಂಡು ನೇರವಾಗಿ ಕಾರಿನ ಕೆಳಗೆ ಹೋದೆ.

೬. ಹಿರೇಕೆರೂರಿನ ದಾರಿ

ಹೂವಿನ ಪಾನಾ ಹೂವಿನ ಹಾಗೇ ಕುಂತಿತು. ಸೀಟು ಎತ್ತಿದರೆ ಕೆಳಗೆ ಒಂದು ಸಣ್ಣ ಪ್ಲಗ್ಗು. ಎಳೆದೆ. ಅಷ್ಟೇ. ಆರು ತಿಂಗಳ ಕೆಲಸ ಅಲ್ಲೇ ಕೈಗೆ ಬಂತು. ಸೀಟಿನಲ್ಲಿ ಯಾರು ಕುಂತರೂ ಕಾರಿಗೆ ಗೊತ್ತಾಗದು, ಒದರದು. ಅವ್ವಾರ ಕಣ್ಣಿಗೆ ಬೀಳದಿರಲೆಂದು ಪಟ್ಟಿಯನ್ನೂ ಬಿಚ್ಚಿ ಗಿರಣಿಯ ಗೂಟಕ್ಕೆ ನೇತುಹಾಕಿದೆ.

ತೊಟ್ಟಿಲ ದಿನ ಬೆಳಿಗ್ಗೆ ಅವ್ವಾರು ಜಳಕ, ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಇಳಕಲ್ಲ ಸೀರೆ ಉಟ್ಟು ಬಂದರು. ಸೊಸೆ ಕೊರಳಿಗೆ ಒಂದು ಮಲ್ಲಿಗೆ ಮಾಲೆಯನ್ನೂ ಹಾಕಿದಳು, ಮುತ್ತಜ್ಜಿ ಆದರಲ್ಲ ಎಂದು. ಮುಂದೆ ಕುಂತರು. ಹಿಂದೆ ಸಾವಕಾರರು, ನಾನು. ಡ್ರೈವರ್ ಕೀಲಿ ತಿರುವಿದ. ಗುರ್. ಕುಂಯ್ ಇಲ್ಲ! ನನ್ನ ಕಣ್ಣು ತುಂಬಿಬಂದವು. ಶಿವಾ ಅಂದೆ.

ಮೊದಲ ತಿರುವು ಬಂತು. ನುಣುಪಾದ ರೆಗ್ಜಿನ್ ಸೀಟು, ಹೊಸ ಸೀರೆ. ಅವ್ವಾರು ಸುರ್ರೆಂದು ಡ್ರೈವರನ ತೊಡೆಯತನಕ ಜಾರಿಹೋದರು. ಎರಡನೇ ತಿರುವಿಗೆ ಈ ಕಡೆ ಬಾಗಿಲಿಗೆ ಬಂದು ಬಡಿದರು. ಮೂರನೆಯದಕ್ಕೆ ಬ್ರೇಕ್ ಹಾಕಿದಾಗ ಸೀಟೇ ಬಿಟ್ಟು ಕೆಳಗೆ ಕುಂತರು.

"ನಿಂದರ್ಸೋ!" ಅಲ್ಲಿಂದಲೇ ಒದರಿದರು. "ಏನರ ಕಟ್ರ್ಯೋ ನನಗ! ಆ ಪಟ್ಟಿ ಎಲ್ಲೆ?"

ನಾನು ಹಿಂದಿನಿಂದ ಬಗ್ಗಿದೆ. "ಅವ್ವಾರ, ನೀವ ಒಲ್ಲೆ ಅಂದಿದ್ರಲ್ರೀ..."

"ಆವಾಗ ಯಂತ್ರ ಕಟ್ಟಿಕೋ ಅಂತಿತ್ತು. ಎಂಬತ್ತು ವರ್ಷದಾಕಿ, ಯಂತ್ರ ಹೇಳಿದ್ದು ನಾ ಯಾಕ ಕೇಳ್ಲಿ? ಈಗ ನಾ ಹೇಳಾಕತ್ತೇನಿ, ಕಟ್ಟು!"

ಸೋಮವಾರ. ನಾನು ತುಟಿ ಕಚ್ಚಿಕೊಂಡೆ. ಕಾರು ತಿರುಗಿಸಿ ಗಿರಣಿಗೆ ಹೋದೆವು. ಗೂಟದಿಂದ ಪಟ್ಟಿ ಇಳಿಸಿ, ಬಿಸಿಲಲ್ಲಿ ಬೆನ್ನು ಬಗ್ಗಿಸಿ, ಬಿಚ್ಚಿದ ಅದೇ ಕೈಯಿಂದ ಮತ್ತೆ ಕೂಡ್ರಿಸಿದೆ. ಅವ್ವಾರು ನೆಟ್ಟಗೆ ಕುಂತು ಎದೆ ಮುಂದೆ ಮಾಡಿ ಕಟ್ಟಿಸಿಕೊಂಡರು. "ಹಾಂ, ಈಗ ನಡೀರಿ. ಮುಹೂರ್ತ ಮೀರತೈತಿ."

ಹಿರೇಕೆರೂರು ಇನ್ನು ಎರಡು ಹರದಾರಿ ಇದೆ ಎನ್ನುವಾಗ ಒಂದು ಹಳ್ಳಿಯಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಕಾರು ನಿಂತಿತು. ಬೇವಿನಮರದ ಕಟ್ಟೆಯ ಮೇಲೆ ಹತ್ತಿಪ್ಪತ್ತು ಮಂದಿ ಕುಂತಿದ್ದರು. ಕಾರಿನ ಮುಂದಿನ ಸೀಟು ನೋಡಿದರು. ವಿಭೂತಿ, ಮಾಲೆ, ಹೊಸ ಸೀರೆ, ಎದೆಗೆ ಅಡ್ಡ ಕಟ್ಟಿದ ಪಟ್ಟಿ. ಒಬ್ಬೊಬ್ಬರೇ ಎದ್ದರು. ರುಮಾಲು ಇಳಿದವು. ಎಲ್ಲರೂ ಸಾಲಾಗಿ ನಿಂತು, ತಲೆ ತಗ್ಗಿಸಿ, ಕೈಮುಗಿದರು.

ನಾನು ಸಾವಕಾರರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಹೇಳುವುದು ಯಾರು?

ಅವ್ವಾರ ಮನಸ್ಸು ಮಾತ್ರ ಅರಳಿಹೋಗಿತ್ತು. ಗುರುತಿಲ್ಲದ ಊರಲ್ಲಿ ಇಷ್ಟು ಮರ್ಯಾದೆ! ನೆಟ್ಟಗೆ ಕುಂತಲ್ಲಿಂದಲೇ ಮೆಲ್ಲಗೆ ಎರಡೂ ಕೈ ಎತ್ತಿ, ಮುಗಿದು, ಗಟ್ಟಿ ದನಿಯಲ್ಲಿ ಅಂದರು: "ಶರಣ್ರೆಪಾ! ಎಲ್ಲಾರೂ ಚಲೋ ಇದ್ದೀರಿ?"

ಮರುಕ್ಷಣ ಕಟ್ಟೆಯ ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ಒಬ್ಬ ಎಮ್ಮೆಗಳ ನಡುವೆ ನುಗ್ಗಿ ಓಡಿದ. ಇನ್ನೊಬ್ಬ ಬೇವಿನಮರ ಹತ್ತಿದ. ಉಳಿದದ್ದು ಬರೀ ಚಪ್ಪಲಿ, ಒಂದು ರುಮಾಲು, ಅರ್ಧ ಸೇದಿದ ಬೀಡಿಯ ಹೊಗೆ.

ಅವ್ವಾರು ಮುಗಿದ ಕೈ ಇಳಿಸದೆ ಆ ಖಾಲಿ ಕಟ್ಟೆ ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದರು:

"ಯಾಕ ಓಡಿದ್ರೋ ತಮ್ಮಾ? ಗಾಡಿ ಮತ್ತ ಒದರಿತೇನು?"

"ಇಲ್ರಿ ಅವ್ವಾರ" ಅಂದೆ. "ಈ ಸಲ ಗಾಡಿ ಸುಮ್ಮನ ಇತ್ತು."